ತಾಟು ತಂದವರಿಗೆ ಉಪ್ಪಿಟ್ಟು

ತಾಟಿನ ಅಂಚು ಒಂದು ಕಡೆ, ಎರಡು ಬೆರಳಿನಷ್ಟು, ಒಳಕ್ಕೆ ನೆಗ್ಗಿದೆ. ಬಸ್ಸಿನ ಕಿಟಕಿಯ ಸರಳಿಗೆ ತಗುಲಿ ತಗುಲಿ ಆದದ್ದು. ಆ ತಾಟಿನಿಂದ ಈ ಬೇಸಿಗೆಯಲ್ಲಿ ಎಷ್ಟೋ ಸಲ ಸೌತೆಕಾಯಿ ಕೊಂಡು ತಿಂದಿದ್ದೇನೆ. ನೆಗ್ಗು ಕಣ್ಣಿಗೆ ಬಿದ್ದದ್ದು ಮಾತ್ರ ಮೊನ್ನೆ ರವಿವಾರ.

ಮೊದಲು ಒಂದು ತಪ್ಪೊಪ್ಪಿಗೆ. ಕೆಲವು ವಾರಗಳ ಹಿಂದೆ ಪತ್ರಿಕೆಯ ಇದೇ ಅಂಕಣದಲ್ಲಿ ನಾನು ಕಲಿಸುವ ಶಾಲೆಯ ಬಗ್ಗೆ ಬರೆದಿದ್ದೆ. ಸರಕಾರದಿಂದ ಬರುವ ಹಳದಿ ನುಚ್ಚಿನ ಉಪ್ಪಿಟ್ಟನ್ನು ಮಕ್ಕಳು ತಮ್ಮ ಪಾಟಿಯ ಮೇಲೆ ಹಾಕಿಸಿಕೊಂಡು ತಿನ್ನುತ್ತಿದ್ದರು. ಹೌದು, ಬರೆಯುವ ಪಾಟಿ. ಉಗುಳು ಹಚ್ಚಿ ಒರೆಸಿದ ಪಾಟಿ! ನೋಡಲಾಗದೆ ನಾನೊಂದು ರೂಲು ಮಾಡಿದೆ. ಪ್ರತಿಯೊಬ್ಬರೂ ಮನೆಯಿಂದ ತಾಟು ತರಬೇಕು, ತಾಟು ತಂದವರಿಗೆ ಮಾತ್ರ ಉಪ್ಪಿಟ್ಟು. ಅದನ್ನು ಬಾಗಿಲ ಪಕ್ಕದ ಬೋರ್ಡಿನ ಮೇಲೆ ದುಂಡಗೆ ಬರೆದೆ. ಅಂಕಣದಲ್ಲಿಯೂ ಬರೆದೆ. ಇಂಡಿಯಿಂದ, ಸಿಂದಗಿಯಿಂದ ನಿಮ್ಮಲ್ಲಿ ಕೆಲವರು ಮೆಚ್ಚಿ ಕಾರ್ಡು ಹಾಕಿದಿರಿ. ಓದಿ ಸಂತೋಷಪಟ್ಟೆ.

ಒಂದು ಸಂಗತಿ ಮಾತ್ರ ಆಗ ಬರೆದಿರಲಿಲ್ಲ. ಮೂರನೆಯ ಇಯತ್ತೆಯ ದಾವಲಬಿ ಎರಡು ದಿನ ಪಾಟಿ ಹಿಡಿದೇ ಸಾಲಿನಲ್ಲಿ ನಿಂತಳು. ಎರಡೂ ದಿನ ನಾನೇ, ಮೆಲ್ಲಗೆ, "ನಾಳೆ ತಾಟು ತಾ" ಎಂದು ಹಿಂದಕ್ಕೆ ಕಳಿಸಿದೆ. ಮೂರನೆಯ ದಿನದಿಂದ ಹುಡುಗಿ ಶಾಲೆಗೇ ಬರಲಿಲ್ಲ. (ಮೆಲ್ಲಗೆ ಹೇಳಿದರೆ ಹಸಿವು ಕಡಿಮೆಯಾಗುತ್ತದೆಯೇ?)

ರವಿವಾರ ಮುಂಜಾನೆ ನಾನು ಬಸವನಬಾಗೇವಾಡಿಗೆ ಹೋಗುವ ಬಸ್ಸು ಹಿಡಿಯುತ್ತೇನೆ. ದಾವಲಬಿಯ ತಾಯಿ ಹುಸೇನಬಿ ನಮ್ಮೂರ ಬಸ್‌ಸ್ಟ್ಯಾಂಡಿನಲ್ಲಿಯೇ ಸೌತೆಕಾಯಿ ಮಾರುವವಳು. ಮೊನ್ನೆ, ಮಗಳನ್ನು ಶಾಲೆ ಬಿಡಿಸಿದ್ದಕ್ಕೆ ನಾಲ್ಕು ಮಾತು ಹೇಳಿಯೇಬಿಡಬೇಕೆಂದು ಸ್ವಲ್ಪ ಬೇಗ ಹೋದೆ. ದಾವಲಬಿ ಬೇವಿನ ಮರದ ಕೆಳಗೆ ಕುಳಿತು ಸೌತೆಕಾಯಿಯ ಸಿಪ್ಪೆ ತೆಗೆಯುತ್ತಿದ್ದಳು. ನನ್ನನ್ನು ಕಂಡು ತಲೆ ತಗ್ಗಿಸಿದಳು.

"ಮಗಳನ್ನ ಯಾಕ ಸಾಲಿಗೆ ಕಳಸವಲ್ರಿ?" ಎಂದೆ.

"ಆಕಿಗೆ ಉಪ್ಪಿಟ್ಟ ಸೇರಂಗಿಲ್ರಿ ಅಕ್ಕಾವ್ರ," ಎಂದಳು ಹುಸೇನಬಿ, ನನ್ನ ಮುಖ ನೋಡದೆ.

ಸೇರುವುದಿಲ್ಲವೇ? ಪಾಟಿಯನ್ನು ನೆಕ್ಕಿ ನೆಕ್ಕಿ ಕಪ್ಪಗೆ ಹೊಳೆಯುವಂತೆ ಮಾಡುತ್ತಿದ್ದವಳು ಅವಳು.

ಅಷ್ಟರಲ್ಲಿ ಬಸ್ಸು ಬಂತು. ಹುಸೇನಬಿ ತಾಟನ್ನು ಅಂಗೈ ಮೇಲೆ ಎತ್ತಿಕೊಂಡು ಓಡಿದಳು. "ಎಳೀ ಸೌತಿಕಾಯಿ! ಉಪ್ಪ ಖಾರ ಹಚ್ಚೇನಿ, ತಗೋರಿ!" ತಾಟಿನ ಅಂಚು ಠಣ್ಣೆಂದು ಕಿಟಕಿಗೆ ಬಡಿಯಿತು.

"ಏ ಹುಸೇನಬಿ, ಹಿಂದಕ ಸರಿ. ಬಸ್ಸಿಗೆ ನೆಗ್ಗ ಬೀಳತೈತಿ," ಎಂದ ಕಂಡಕ್ಟರ್.

"ನಿನ್ನ ಬಸ್ಸಿಗೆ ಇನ್ನೊಂದ ನೆಗ್ಗ ಬೀಳಾಕ ಜಾಗಾ ಎಲ್ಲೈತೋ ತಮ್ಮಾ!"

ಬಸ್ಸಿನವರೆಲ್ಲ ನಕ್ಕರು. ನಾನೂ ನಕ್ಕೆ. ಆಗ ದಾವಲಬಿ ಎದ್ದು ಬಂದು ನನ್ನ ಸೆರಗಿನ ಬಳಿ ನಿಂತು, ತಾಯಿಗೆ ಕೇಳಿಸದ ಹಾಗೆ ಅಂದಳು: "ಅಕ್ಕಾವ್ರ, ಹತ್ತೂವರಿ ಬಸ್ಸ ಹೋದ ಮ್ಯಾಲ ತಾಟ ತೊಳಕೊಂಡ ಓಡಿ ಬರ್ತೇನ್ರಿ. ಅಲ್ಲೀತನಕಾ ನಂದ ಉಪ್ಪಿಟ್ಟ ತಗದ ಇಡ್ತೀರೇನ್ರಿ?"

ಬೇಸಿಗೆಯ ಮುಂಜಾನೆ ಶಾಲೆಯಲ್ಲಿ ಉಪ್ಪಿಟ್ಟು ಬಡಿಸುವುದು ಹತ್ತು ಗಂಟೆಗೆ. ಬಸ್ಸುಗಳು ಬರುವುದೂ ಆಗಲೇ. ಆ ಮನೆಯಲ್ಲಿ ಇರುವುದು ಒಂದೇ ತಾಟು. ಇಷ್ಟು ಸಣ್ಣ ಲೆಕ್ಕ ಬಿ.ಎ. ಓದಿದವಳಿಗೆ ತಿಳಿಯಲಿಲ್ಲ.

ಬಸ್ಸು ಹೋಯಿತು, ನಾನು ಹತ್ತಲಿಲ್ಲ. ನಾನೊಂದು ತಾಟು ಕೊಡಲೇ ಎಂದು ಕೇಳಿದೆ. ಮಗಳು ಬಾಯಿಬಿಟ್ಟದ್ದು ಹುಸೇನಬಿಗೆ ತಿಳಿದುಹೋಯಿತು. ಅವಳನ್ನೊಮ್ಮೆ ಗದರಿಸುವ ಕಣ್ಣಿನಿಂದ ನೋಡಿದಳು.

"ಬ್ಯಾಡ್ರಿ. ಹುಸೇನಬಿ ಮಗಳು ಅಕ್ಕಾವ್ರ ತಾಟಿನಾಗ ಉಣತಾಳ ಅಂತ ಊರ ಮಂದಿ ಅಂತಾರ. ಈ ತಾಟ ಸಾಲಿಗೆ ಕಳಿಸಿ ನಾ ಏನ ಉಡ್ಯಾಗ ಸೌತಿಕಾಯಿ ಕಟಗೊಂಡ ಮಾರ್ಲ್ಯಾ?" ತಾಟಿನಲ್ಲಿ ಸೌತೆಕಾಯಿ ಜೋಡಿಸುತ್ತ ಅಂದಳು: "ಮತ್ತ ಬರೋ ತಿಂಗಳ ಸೂಟಿ ಬಿಡ್ತೀರಿ. ಆವಾಗ ನಿಮ್ಮ ಉಪ್ಪಿಟ್ಟ ಎಲ್ಲಿ ಹೋಗತೈತ್ರಿ?"

ನುಚ್ಚಿನ ಚೀಲಗಳು ಶಾಲೆಯ ಕೋಣೆಯಲ್ಲಿವೆ. ಅಡುಗೆಯ ಗೌರವ್ವ ಸೂಟಿಯಲ್ಲಿಯೂ ಬರುತ್ತೇನೆ ಎನ್ನುತ್ತಾಳೆ. ಶಾಲೆಗೆ ಬೀಗ ಹಾಕಿದರೆ ಹಾಜರಿ ಇಲ್ಲ, ಹಾಜರಿ ಇಲ್ಲದೆ ಉಪ್ಪಿಟ್ಟಿಲ್ಲ ಎನ್ನುವುದು ಮೇಲಿನವರ ರೂಲು. (ರೂಲು ಮಾಡುವವಳು ನಾನೊಬ್ಬಳೇ ಅಲ್ಲ.) ಇದನ್ನು ಓದುವ ಅಧಿಕಾರಿಗಳು ಯಾರಾದರೂ ಇದ್ದರೆ, ನನಗೆ ಕಾರ್ಡು ಹಾಕುವ ಬದಲು ಹುಸೇನಬಿಗೆ ಉತ್ತರ ಕೊಡಲಿ.

"ನಾಳೆ ಕಳಸ್ರಿ, ತಾಟ ಬ್ಯಾಡ," ಎಂದೆ.

"ನೋಡೂಣ್ರಿ," ಎಂದಳು.

ಅಲ್ಲಿಂದ ನೇರವಾಗಿ ಗೌರವ್ವನ ಮನೆಗೆ ಹೋದೆ. ತಾಟಿಲ್ಲದೆ, ಪಾಟಿಯೂ ಇಲ್ಲದೆ ಬಡಿಸುವುದು ಹೇಗೆ? ಗೌರವ್ವ ರೊಟ್ಟಿ ಬಡಿಯುವ ಕೈ ನಿಲ್ಲಿಸಲಿಲ್ಲ. "ನೀರ ಕಡಿಮಿ ಹಾಕಿ ಗಟ್ಟಿ ತಿರುವಿ, ಆರಿಸಿ, ಉಂಡಿ ಕಟ್ಟಿದ್ರ ಕೈಯಾಗ ಕೊಡಬೋದಲ್ರಿ. ಇದಕ್ಕ ಯಾಕ ಇಷ್ಟ ಚಿಂತಿ?"

ಮರುದಿನ ಮುಂಜಾನೆ ಬೋರ್ಡಿನ ಮೇಲಿನ ರೂಲು ಅಳಿಸಿದೆ. ಹತ್ತು ಗಂಟೆಗೆ ದಾವಲಬಿ ಬಂದಳು. ಆದರೆ ಬಾಗಿಲ ಕಂಬ ಬಿಟ್ಟು ಒಳಗೆ ಬರಲಿಲ್ಲ. ಉಳಿದವರೆಲ್ಲ ರೂಢಿಯಂತೆ ತಾಟು ತಂದಿದ್ದರು. ಅವಳೊಬ್ಬಳದೇ ಬರಿಗೈ.

ನಾನು ಹೋಗಿ ಸಾಲಿನ ಮುಂದೆ ನಿಂತು ಎರಡೂ ಕೈ ಚಾಚಿದೆ. ಇಷ್ಟು ತಿಂಗಳು ನಿಂತು ಬಡಿಸಿದ ಉಪ್ಪಿಟ್ಟನ್ನು ನಾನು ಒಂದು ದಿನವೂ ತಿಂದಿರಲಿಲ್ಲ. (ನಮ್ಮದು ಮಡಿಯ ಮನೆ. ಇದಕ್ಕಿಂತ ಹೆಚ್ಚು ಬರೆಯಲಾರೆ.)

ಗೌರವ್ವ ಉಂಡೆಯನ್ನು ಕೈಯಲ್ಲೇ ಹಿಡಿದು ನನ್ನ ಅಂಗೈಗಳನ್ನು ನೋಡಿದಳು. ಎರಡಕ್ಕೂ ಬೋರ್ಡಿನ ಸುಣ್ಣದ ಪುಡಿ ಮೆತ್ತಿತ್ತು. ಎಲ್ಲ ಮಕ್ಕಳೆದುರು ಕೇಳಿದಳು:

"ಅಕ್ಕಾವ್ರ, ಕೈ ತೊಳ್ಕೊಂಡೀರೇನ್ರಿ?"

ಮಕ್ಕಳು ಗೊಳ್ಳೆಂದು ನಕ್ಕರು. ಕಂಬದ ಹತ್ತಿರದಿಂದಲೂ ಒಂದು ನಗೆ ಕೇಳಿಸಿತು.

ಹೋಗಿ ಕೈ ತೊಳೆದುಕೊಂಡು ಬಂದು ಸಾಲಿನ ಕೊನೆಯಲ್ಲಿ, ದಾವಲಬಿಯ ಹಿಂದೆ, ನಿಂತುಕೊಂಡೆ.