ಗುಂಡಿಯಿಲ್ಲದ ನೀಲಿ ಫ್ರಾಕು

ಇವತ್ತು ಮಿಯಾಪುರದ ಮನೆಯಲ್ಲಿ ಹಳೆಯ ಟ್ರಂಕು ತೆರೆದೆ. ನುಸಿಗುಳಿಗೆಯ ವಾಸನೆಗೆ ನಾನು ಚಿಕ್ಕವಳಿದ್ದಾಗಿನ ತಾರ್ನಾಕದ ಮನೆಯ ಪಡಸಾಲೆ ಕಣ್ಣ ಮುಂದೆ ಬಂತು.

ಆಗ ಕರಾವಳಿಯ ಊರೊಂದಕ್ಕೆ ಚಂಡಮಾರುತ ಬಡಿದಿತ್ತು. ಅಪ್ಪನ ಸೇವಾ ಕ್ಲಬ್ಬಿನವರು ನಮ್ಮ ಮನೆಯಲ್ಲೇ ಬಟ್ಟೆ ಕೂಡಿಸುತ್ತಿದ್ದರು. “ಚಲೋದನ್ನ ಕೊಡೂಣು. ಅವರೂ ನಮ್ಮಂಗ ಇದ್ದವ್ರು,” ಎಂದು ಅವ್ವ ನನ್ನ ಹಬ್ಬದ ಹಳದಿ ಫ್ರಾಕನ್ನು ಗಂಟಿಗೆ ಹಾಕಿದಳು. ಅವಳು ಚಹಾ ಮಾಡಲು ಹೋದಾಗ ನಾನದನ್ನು ತೆಗೆದು, ಬೆನ್ನಿನ ಗುಂಡಿಗಳೆಲ್ಲ ಕಿತ್ತುಹೋಗಿದ್ದ ನನ್ನ ನೀಲಿ ಫ್ರಾಕನ್ನು ತುರುಕಿದೆ.

ಹಂಚಲು ಆ ಊರಿಗೆ ಹೋಗುವಾಗ ಅವ್ವನನ್ನೂ ನನ್ನನ್ನೂ ಕರೆದೊಯ್ದರು. ಎರಡನೇ ದಿನ ನನ್ನಷ್ಟೇ ವಯಸ್ಸಿನ ಹುಡುಗಿಯೊಬ್ಬಳು ಆ ನೀಲಿ ಫ್ರಾಕು ತೊಟ್ಟು ಊಟದ ಸಾಲಿನಲ್ಲಿ ನಿಂತಿದ್ದಳು. ಒಂದು ಕೈಯಲ್ಲಿ ತಟ್ಟೆ. ಇನ್ನೊಂದು ಕೈಯಿಂದ ಬೆನ್ನ ಹಿಂದೆ ಬಟ್ಟೆಯನ್ನು ಬಿಗಿಯಾಗಿ ಹಿಡಿದುಕೊಂಡಿದ್ದಳು.

“ಅದು ನಿಂದಲ್ಲೇನ?” ಅವ್ವ ಕೇಳಿದಳು.

“ನಂದಲ್ಲವ್ವ,” ಎಂದೆ.

ಅವ್ವ ತನ್ನ ಸೆರಗಿನ ಪಿನ್ನು ಬಿಚ್ಚಿ ಆ ಹುಡುಗಿಯ ಫ್ರಾಕಿಗೆ ಹಾಕಿದಳು. ಮುಂದೆ ಹಬ್ಬದ ದಿನ, ನಾನು ಬಚ್ಚಿಟ್ಟಿದ್ದ ಹಳದಿ ಫ್ರಾಕನ್ನು ಅವಳೇ ಇಸ್ತ್ರಿ ಮಾಡಿ ನನಗೆ ತೊಡಿಸಿದಳು.

ಅವ್ವ ಈಗಿಲ್ಲ. ಆವತ್ತು ಅವಳು ಬೈದುಬಿಟ್ಟಿದ್ದರೆ ನಾನು ಇಷ್ಟು ವರ್ಷ ಆ ಸುಳ್ಳನ್ನು ಹೊತ್ತು ತಿರುಗುತ್ತಿರಲಿಲ್ಲವೇನೋ.