ಹತ್ತಿಮತ್ತೂರಾಕಿ

ಆಗಿನ ದಿನಗಳಲ್ಲಿ ದಸರಾ ಸೂಟಿ ಅಂದರೆ ನಮಗೆ ಸವಣೂರು. ಸಾಲಿಗೆ ಬೀಗ ಬಿದ್ದ ಮರುದಿನವೇ ಅವ್ವ ನನ್ನ ಎರಡು ಲಂಗ, ತನ್ನ ಎರಡು ಸೀರೆ ಚೀಲಕ್ಕೆ ತುಂಬಿಕೊಂಡು ಹಾನಗಲ್ಲಿನ ಬಸ್‌ಸ್ಟ್ಯಾಂಡಿಗೆ ಬಂದು ನಿಲ್ಲುತ್ತಿದ್ದಳು. ಅಂಥ ಒಂದು ಬಸ್ಸು ನಿಮ್ಮ ನೆನಪಿನಲ್ಲೂ ಇದ್ದೀತು. ತವರಿಗೆ ಹೊರಟ ಹೆಣ್ಣುಮಕ್ಕಳ ದನಿ ಅದರಲ್ಲಿ ಎತ್ತರವಾಗಿರುತ್ತಿತ್ತು, ನಗು ಸಲೀಸಾಗಿ ಬರುತ್ತಿತ್ತು. ನನ್ನ ಅವ್ವ ಮಾತ್ರ ಸವಣೂರು ಹತ್ತಿರವಾದಂತೆ ಸುಮ್ಮನಾಗುತ್ತಿದ್ದಳು. ಸೆರಗು ಸರಿ ಮಾಡಿಕೊಳ್ಳುತ್ತಿದ್ದಳು, ನನ್ನ ಜಡೆ ಬಿಚ್ಚಿ ಮತ್ತೆ ಹೆಣೆಯುತ್ತಿದ್ದಳು. ಅವಳಿಗೆ ಬಸ್ಸು ಆಗಿಬರುವುದಿಲ್ಲ ಅಂದುಕೊಂಡಿದ್ದೆ.

ನನಗೆ ಸವಣೂರಿನಲ್ಲಿ ಬೇಕಾದದ್ದೆಲ್ಲ ಇತ್ತು. ಊರ ಹೊರಗೆ ಮುತ್ಯಾನ, ಅಂದರೆ ಅವ್ವನ ಅಪ್ಪನ, ಎಲೆತೋಟ. ಒಳಗೆ ಕಾಲಿಟ್ಟರೆ ನಡುಮಧ್ಯಾಹ್ನವೂ ತಂಪು. ಹಸಿ ಮಣ್ಣು ಮತ್ತು ವೀಳ್ಯದೆಲೆಯ ಘಾಟು ಕೂಡಿದ ವಾಸನೆ ಬಟ್ಟೆಗೆ ಅಂಟಿಕೊಂಡು ಮನೆಯ ತನಕ ಬರುತ್ತಿತ್ತು. ಸಂಜೆ ಮುತ್ಯಾ ಕಾಗದದ ಪೊಟ್ಟಣದಲ್ಲಿ ಅಂಗಡಿಯಲ್ಲಿ ಕರಿದ ಖಾರ ತರುತ್ತಿದ್ದ. ಸವಣೂರಿನ ಖಾರ ತಿಂದವರಿಗೆ ಅದರ ರುಚಿ ಬೇರೆ ಹೇಳಬೇಕಿಲ್ಲ. ಮಾಮಾ ಅವ್ವನಿಗಿಂತ ಬಹಳ ಸಣ್ಣವ, ಆಗಿನ್ನೂ ಕಾಲೇಜಿಗೆ ಹೋಗುತ್ತಿದ್ದ. ಪಡಸಾಲೆಯ ಕಲ್ಲಿನ ಮೇಲೆ ಚೌಕಾಬಾರದ ಮನೆ ಬರೆದು, ಹುಣಸೆಬೀಜ ಎಸೆಯುತ್ತ, ನನಗೆ ನಾಚಿಕೆಯಿಲ್ಲದೆ ಮೋಸ ಮಾಡುತ್ತಿದ್ದ.

ನಾನು ನಾಲ್ಕನೆಯ ಇಯತ್ತೆಯಲ್ಲಿದ್ದ ವರ್ಷದ ಮಾತು ಇದು. ಮಹಾನವಮಿ ಅಮಾವಾಸ್ಯೆಗೆ ಹಿರಿಯರಿಗೆ ಎಡೆ ಇಡುವ ಹಬ್ಬ. ಮುತ್ಯಾನ ಮನೆಯ ದೇವರ ಜಗುಲಿಯಲ್ಲಿ ದೇವರ ಜೊತೆಗೆ ಹಿರಿಯರೂ ಇರುತ್ತಿದ್ದರು. ಅಂಗೈಯಲ್ಲಿ ಮುಚ್ಚಿಹೋಗುವಷ್ಟು ಸಣ್ಣ ಬೆಳ್ಳಿ ತಗಡು, ಅದರಲ್ಲಿ ಒತ್ತಿ ಮೂಡಿಸಿದ ಒಂದು ಮುಖ. ಸತ್ತ ಹಿರಿಯರಿಗೆ ಒಬ್ಬೊಬ್ಬರಿಗೆ ಒಂದೊಂದು. ಹಬ್ಬದ ಹಿಂದಿನ ದಿನ ಅವನ್ನೆಲ್ಲ ತಾಟಿನಲ್ಲಿ ತಂದು, ಬಾವಿಕಟ್ಟೆಯ ಹತ್ತಿರ ಕುಳಿತು, ವಿಭೂತಿ ಹಚ್ಚಿ ತಿಕ್ಕಿ ತೊಳೆಯುವುದು ಆಯಿಯ, ಅಂದರೆ ನನ್ನ ಅಜ್ಜಿಯ, ಕೆಲಸ. ಆ ವರ್ಷ ನನ್ನನ್ನೂ ಕೂಡಿಸಿಕೊಂಡಳು.

"ಇವ ನಿಮ್ಮ ಮುತ್ಯಾನ ಅಪ್ಪ. ಮೀಸಿ ನೋಡು, ಸತ್ರೂ ಇಳಿದಿಲ್ಲ. ಈಕಿ ನಮ್ಮತ್ತಿ. ಈಕಿನ್ನ ಸಾವಕಾಶ ತಿಕ್ಕು, ಇಲ್ಲಂದ್ರ ಈಗೂ ಬೈತಾಳ."

ನಾನು ನಕ್ಕೆ. ಆಯಿ ನಗಿಸಬಲ್ಲ ಹೆಂಗಸು. ತಾಟಿನ ಮೂಲೆಯಲ್ಲಿ ಇನ್ನೊಂದು ತಗಡು ಇತ್ತು. ಉಳಿದವುಗಳಿಗಿಂತ ಹೊಸದು, ಆದರೆ ಎಲ್ಲಕ್ಕಿಂತ ಹೆಚ್ಚು ಸವೆದದ್ದು. ಮೂಗು ಇರಲಿಲ್ಲ, ಬಾಯಿ ಒಂದು ಗೀರಿನಷ್ಟೇ ಉಳಿದಿತ್ತು.

"ಈಕಿ ಯಾರು ಆಯಿ?"

"ಆಕಿ ಹತ್ತಿಮತ್ತೂರಾಕಿ."

"ನಮಗೇನಾಗಬೇಕು?"

"ತಾ ಇಲ್ಲೆ," ಎಂದು ಆಯಿ ಅದನ್ನು ನನ್ನ ಕೈಯಿಂದ ತೆಗೆದುಕೊಂಡಳು. ಬೇರೆ ಹಿರಿಯರನ್ನೆಲ್ಲ ನನಗೆ ಬಿಟ್ಟವಳು ಅದೊಂದನ್ನು ತಾನೇ ತಿಕ್ಕಿದಳು. ಹೊಳೆಯುವ ತನಕ ತಿಕ್ಕಿದಳು, ಹೊಳೆದ ಮೇಲೂ ತಿಕ್ಕಿದಳು. ಬಾವಿಯಿಂದ ನೀರು ಸೇದುತ್ತಿದ್ದ ಅವ್ವ ಹಗ್ಗ ಹಿಡಿದುಕೊಂಡೇ ಆಯಿಯ ಕೈ ನೋಡುತ್ತಿದ್ದಳು.

ಆ ಸಂಜೆ ಚೌಕಾಬಾರದ ನಡುವೆ ಮಾಮಾನನ್ನು ಕೇಳಿದೆ.

"ಹತ್ತಿಮತ್ತೂರಾಕಿ ಅಂದ್ರ ನಿಮ್ಮವ್ವನ ಹಡದಾಕಿ. ನಿಮ್ಮವ್ವ ಕೂಸಿದ್ದಾಗ ಸತ್ಲು."

"ಮತ್ತ ಆಯಿ?"

"ಆಯಿ ನನ್ನ ಹಡದಾಕಿ. ಇಬ್ಬರನ್ನೂ ಸಾಕಿದಾಕಿ. ಕಾಯಿ ನಡಸ, ಆಟ ಕೆಡಸಬ್ಯಾಡ."

ಅವ್ವ ಬಸ್ಸಿನಲ್ಲಿ ಸುಮ್ಮನಾಗುವುದು ಯಾಕೆಂದು ಅಂದು ಅರ್ಧ ತಿಳಿಯಿತು. ಉಳಿದರ್ಧ ಮರುದಿನ ತಿಳಿಯಿತು.

ಹಬ್ಬದ ದಿನ ನಸುಕಿನಿಂದಲೇ ಮನೆಯ ತುಂಬ ಹೂರಣದ ವಾಸನೆ. ಹೋಳಿಗೆ, ಕಟ್ಟಿನ ಸಾರು, ಕುಂಬಳಕಾಯಿ ಪಲ್ಯ, ಗುರೆಳ್ಳು ಚಟ್ನಿ. ಎಲ್ಲ ಮುಗಿಸಿ ಆಯಿ ಮಿಂದು ಬಂದಳು. ಮುತ್ಯಾ ತಂದ ಹಸಿರು ಇಳಕಲ್ ಸೀರೆ ಮಡಿಕೆ ಬಿಚ್ಚದೆ ಇತ್ತು. ಅದನ್ನು ಉಡುತ್ತಾಳೆ ಅಂದುಕೊಂಡೆ. ಉಡಲಿಲ್ಲ. ಹಳೆಯ ಸೀರೆಯಲ್ಲೇ ಬಂದು, ಹೊಸ ಸೀರೆಯನ್ನು ಆ ಸವೆದ ಮುಖದ ಮುಂದೆ ಇಟ್ಟಳು, ಕುಂಕುಮ ಹಚ್ಚಿದಳು, ಕೈ ಮುಗಿದಳು. ನಮ್ಮ ಕಡೆ ಅದು ಪದ್ಧತಿ. ಮೊದಲನೆಯವಳು ಮುತ್ತೈದೆಯಾಗಿ ಹೋಗಿದ್ದರೆ ಎರಡನೆಯವಳ ಹೊಸ ಸೀರೆ ಮೊದಲು ಆಕೆಗೆ. ಆಕೆ ಉಟ್ಟು ಬಿಟ್ಟದ್ದನ್ನು ಈಕೆ ಉಡಬೇಕು. ಲಗ್ನವಾದಾಗಿನಿಂದ ಆಯಿ ಒಂದು ಸೀರೆಯನ್ನೂ ಮೊದಲು ಉಟ್ಟವಳಲ್ಲ.

ಆಮೇಲೆ ಎಡೆ. ಒಬ್ಬೊಬ್ಬರಿಗೆ ಒಂದೊಂದು ಬಾಳೆ ಎಲೆ. ಎಲೆಯ ಸುತ್ತ ನೀರು ಬಿಡುವಾಗ ಮನೆಯ ಯಜಮಾನ ಆ ಹಿರಿಯರ ಹೆಸರು ಹಿಡಿದು ಕರೆಯಬೇಕು, ಆಗಲೇ ಅವರು ಬಂದು ಉಣ್ಣುತ್ತಾರೆ. ಮುತ್ಯಾ ಅಪ್ಪನ ಹೆಸರು ಕರೆದ, ತಾಯಿಯ ಹೆಸರು ಕರೆದ. ಕೊನೆಯ ಎಲೆಯ ಹತ್ತಿರ ಬಂದಾಗ ಬರೀ ಕೆಮ್ಮಿದ. ಆ ಕಾಲದ ಗಂಡಸು ಹೆಂಡತಿಯ ಹೆಸರು ಹೇಳುವವನಲ್ಲ. ಆಯಿಯನ್ನೂ ಅವನು "ಏ, ಕೇಳ್ತೇನು" ಅನ್ನುವುದರ ಮೇಲೆಯೇ ಇಡೀ ಸಂಸಾರ ಮಾಡಿದವನು. ಕೆಮ್ಮಿ, ನೀರು ಬಿಟ್ಟು, ಎದ್ದ.

ಊಟವಾದ ಮೇಲೆ ಗಂಡಸರು ಮಲಗಿದರು. ಆಯಿ ಹಸಿರು ಸೀರೆ ಉಟ್ಟು ಹಿತ್ತಲ ನೆರಳಿಗೆ ಎಲೆಅಡಿಕೆಯ ತಾಟು ಹಿಡಿದು ಕುಳಿತಿದ್ದಳು. ಅವ್ವ ಎದುರಿಗೆ ಅಡಿಕೆ ಕತ್ತರಿಸುತ್ತಿದ್ದಳು. ನಾನು ಅವ್ವನ ತೊಡೆಯ ಮೇಲೆ ತಲೆ ಇಟ್ಟಿದ್ದೆ. ಅಡಕೊತ್ತಿನ ಸಪ್ಪಳ ನಿಂತಿತು, ಅವ್ವ ಆಯಿಯತ್ತ ತಿರುಗಿದಳು.

"ಅವ್ವಾ, ಒಂದು ಕೇಳ್ಲೇನು?"

"ಕೇಳು."

"ಆಕಿ ಹೆಸರ ಏನಿತ್ತು?"

ಆಯಿ ಎಲೆಯ ಬೆನ್ನಿಗೆ ಸುಣ್ಣ ಸವರುತ್ತಲೇ ಇದ್ದಳು. "ಈಗ್ಯಾಕ ಬೇಕಾತು?"

"ಅಪ್ಪ ಕೆಮ್ಮಿ ನೀರ ಬಿಡ್ತಾನ. ಹೆಸರ ಇಲ್ಲದ ಆಕಿಗೆ ಹೆಂಗ ಮುಟ್ಟಬೇಕು? ಎಡಿ ಮುಂದ ಕುಂತಾಗ ನಾನರ ಮನಸಿನ್ಯಾಗ ಕರೀಬೇಕು ಅನಸ್ತೈತಿ."

"ಹೆಸರ ಹಿಡದ ಕರದ್ರ ಬರ್ತಾಳ," ಅಂದಳು ಆಯಿ. "ಬಂದ್ರ ನಾ ಎಲ್ಲಿ ಹೋಗ್ಲಿ?"

ಅವ್ವ ಕೈಯಲ್ಲಿದ್ದ ಅಡಿಕೆ ತಾಟಿಗೆ ಹಾಕಿದಳು.

"ನಿನಗ ಜ್ವರ ಬಂದಾಗ ಹೆಗಲ ಮ್ಯಾಲ ಹಾಕ್ಕೊಂಡು ದವಾಖಾನಿಗೆ ಓಡಿದಾಕಿ ನಾನು. ಸೀರಿ ಆಕಿಗೆ ಕೊಟ್ಟೆ. ಎಡಿ ಕೊಟ್ಟೆ. ನಿನ್ನನ್ನೂ ಕೊಡಲೇನು?"

"ಇಲ್ಲ ಬಿಡವ್ವಾ. ಸುಮ್ಮನ ಕೇಳಿದೆ."

ಆಯಿ ಎಲೆ ಮಡಿಚಿ ಅವ್ವನ ಬಾಯಿಗೆ ತಾನೇ ಇಟ್ಟಳು. ಅವ್ವ ಅಗಿದಳು. ಅಡಕೊತ್ತಿನ ಸಪ್ಪಳ ಮತ್ತೆ ಶುರುವಾಯಿತು. ಆಮೇಲೆ ಆಯಿ ಬದುಕಿದ್ದ ಅಷ್ಟೂ ವರ್ಷ ಅವ್ವ ಅದನ್ನು ಕೇಳಲಿಲ್ಲ. ಮುತ್ಯಾ ಹೋದ, ಆಯಿ ಹೋದಳು. ಆಯಿಯ ದಿನಕರ್ಮಕ್ಕೆ ಅವ್ವ ಅತ್ತಷ್ಟು ಮಾಮಾನೂ ಅಳಲಿಲ್ಲ.

ಈ ವರ್ಷ ಅವ್ವ ಹೋದಳು. ಮಲಗಿದ್ದ ಕಡೆಯ ದಿನಗಳಲ್ಲಿ ಅವಳು ಹೆಚ್ಚು ಮಾತಾಡಲಿಲ್ಲ. ಒಂದು ಮಧ್ಯಾಹ್ನ ನನ್ನನ್ನು ಹತ್ತಿರ ಕರೆದಳು.

"ನನಗ ಎಡಿ ಇಡ್ತೀಯಲ್ಲ, ಆವಾಗ ನಮ್ಮವ್ವಗೂ ಒಂದು ಎಲಿ ಇಡು."

"ಯಾವ ಅವ್ವಗ?"

"ಇಬ್ಬರಿಗೂ."

ನನಗೆ ಅಣ್ಣತಮ್ಮಂದಿರಿಲ್ಲ, ಅಪ್ಪ ಮೊದಲೇ ಹೋಗಿದ್ದಾರೆ. ಎಡೆ ಇಡುವವಳು, ಹೆಸರು ಕರೆಯುವವಳು ನಾನೇ. ಅವ್ವನ ಹೆಸರು ಗೊತ್ತು, ಆಯಿಯ ಹೆಸರು ಗೊತ್ತು. ಮೂರನೆಯದು ಬೇಕಾಗಿತ್ತು. ಮನೆತನದ ಹಿಂದಿನದನ್ನು ಜನ ಯಾಕೆ ಹುಡುಕುತ್ತಾರೆ ಅಂತ ನಾನು ಮೊದಲು ನಗುತ್ತಿದ್ದೆ. ಹೊಲದ ಖಾತೆಗೆ ವಂಶಾವಳಿ ಬೇಕಾಗುತ್ತದೆ, ಇಲ್ಲವೇ ದೊಡ್ಡಸ್ತಿಕೆ ಬೇಕಾಗುತ್ತದೆ, ಅದಕ್ಕೆ ಅಂದುಕೊಂಡಿದ್ದೆ. ಉತ್ತರ ಹೇಳಬೇಕಾದವರೆಲ್ಲ ಹೋದ ಮೇಲೆಯೇ ಪ್ರಶ್ನೆ ನಮ್ಮ ಕೈಗೆ ಬರುತ್ತದೆ ಎಂಬುದು ಗೊತ್ತಿರಲಿಲ್ಲ.

ಸವಣೂರಿಗೆ ಹೋದೆ. ಹಳೆಯ ಮನೆ ಕೆಡವಿ ಮಾಮಾ ಹೊಸದು ಕಟ್ಟಿಸಿದ್ದಾನೆ. ಮನೆ ತುಂಬಿದ ದಿನ ಕಟ್ಟಿದ್ದ ದೊಡ್ಡ ಫ್ಲೆಕ್ಸ್ ಇನ್ನೂ ಪಡಸಾಲೆಯ ಗೋಡೆಯ ಮೇಲಿದೆ. ಮರದ ಚಿತ್ರ, ಕೊಂಬೆಗೊಂದು ಹೆಸರು. ಮಾಮಾ ತಿಂಗಳುಗಟ್ಟಲೆ ಊರೂರು ತಿರುಗಿ ಕೂಡಿಸಿದ್ದನಂತೆ. ಎಲ್ಲ ಗಂಡಸರು. ಅವ್ವನೂ ಇರಲಿಲ್ಲ.

"ಹೆಣ್ಮಕ್ಕಳನ್ನೂ ಹಾಕಿದ್ರ ಗ್ವಾಡಿ ಸಾಲೂದಿಲ್ಲವಾ," ಅಂದ ಮಾಮಾ. ತಮಾಷೆಗೆ ಅಂದದ್ದು.

"ಹತ್ತಿಮತ್ತೂರಾಕಿ ಹೆಸರ ಗೊತ್ತೈತೇನು ಮಾಮಾ?"

ಅವನು ನಿಜವಾಗಿಯೂ ಯೋಚಿಸಿದ. "ಇಲ್ಲವಾ. ನಮ್ಮವ್ವ ಹಂಗ ಕರೀತಿದ್ಲು, ನಾವೂ ಹಂಗ."

"ಆಕಿ ಮೂರ್ತಿನರ ಕೊಡು. ಎಡಿ ಮುಂದ ಇಟ್ಟು ಮತ್ತ ತಂದ ಕೊಡ್ತೇನಿ."

ಮಾಮಾ ಹೊಸ ದೇವರಕೋಣೆಯ ದೀಪ ಹಚ್ಚಿ ತೋರಿಸಿದ. ಜಗುಲಿಯ ಮೇಲೆ ಹಿರಿಯರು ಇರಲಿಲ್ಲ. ಒಂದೇ ಒಂದು ದೊಡ್ಡ ಬೆಳ್ಳಿ ತಗಡು, ಅದರಲ್ಲಿ ಅಂಗಡಿಯ ಅಚ್ಚಿನ ಗಂಡಹೆಂಡಿರ ಮುಖ. "ಎಲ್ಲಾ ಸವದ ಹೋಗಿದ್ರು. ಅಕ್ಕಸಾಲ್ಯಾ ಹೇಳಿದ, ಎಲ್ಲಾ ಕರಗಿಸಿ ಒಂದ ಮಾಡಿಸ್ರಿ, ಪೂಜಾಕ್ಕೂ ಹಗುರ ಅಂತ. ಎಲ್ಲಾರೂ ಇದರಾಗ ಅದಾರ, ನಮಸ್ಕಾರ ಮಾಡು."

ನಮಸ್ಕಾರ ಮಾಡಿದೆ. ಆ ಹೊಳೆಯುವ ಮುಖಗಳಲ್ಲಿ ಮುತ್ಯಾನ ಅಪ್ಪನ ಮೀಸೆ ಇರಲಿಲ್ಲ. ತಾನು ಬದುಕಿದ್ದಷ್ಟು ದಿನ ಹತ್ತಿಮತ್ತೂರಾಕಿಯನ್ನು ಬೇರೆಯಾಗಿ ಇಟ್ಟವಳು ಆಯಿಯೇ ಅನ್ನಿಸಿತು. ಸಿಟ್ಟಿನಿಂದಲಾದರೂ ತಿಕ್ಕುತ್ತಿದ್ದಳು, ಉರಿಯುತ್ತಲಾದರೂ ಸೀರೆ ಕೊಡುತ್ತಿದ್ದಳು.

ಅಲ್ಲಿಂದ ಆಕೆಯ ತವರೂರು ಹತ್ತಿಮತ್ತೂರಿಗೆ ಹೋದೆ. ದೊಡ್ಡ ಊರು, ಆದರೆ ಕೇಳಿದವರಿಗೆ ಬೇಸರಿಸುವ ಊರಲ್ಲ. ಆಕೆ ಸತ್ತ ಮೇಲೆ ತವರಿನವರು ಸವಣೂರಿಗೆ ಬರುವುದನ್ನು ನಿಲ್ಲಿಸಿದ್ದರು, ಆ ಮನೆತನವೇ ಊರು ಬಿಟ್ಟಿತ್ತು. ಒಬ್ಬರು ಇನ್ನೊಬ್ಬರನ್ನು ತೋರಿಸುತ್ತ, ಕಡೆಗೆ ಒಬ್ಬ ಮುದುಕಿಯ ಕಟ್ಟೆಗೆ ಮುಟ್ಟಿಸಿದರು. ಕಣ್ಣು ಮಂಜಾಗಿತ್ತು, ಮಾತು ಗಟ್ಟಿಯಾಗಿತ್ತು.

"ಕುಂದ್ರವಾ. ಸವಣೂರಿಗೆ ಕೊಟ್ಟಾಕಿ? ಎಲಿತ್ವಾಟದವರ ಮನಿಗೆ?"

"ಹೌದ್ರಿ."

"ನೆನಪೈತಿ ತಗೋ. ನಾ ಲಗ್ನಾಗಿ ಈ ಊರಿಗೆ ಬಂದ ವರ್ಷ ಆಕಿ ಬಾಣಂತನಕ್ಕ ಬಂದಿದ್ಲು. ಎತ್ತರ ಹೆಣ್ಣು. ನಕ್ಕರ ಸೆರಗಿನ್ಯಾಗ ಬಾಯಿ ಮುಚ್ಚಿಕೊಳ್ತಿದ್ಲು. ಹೆಣ್ಣುಕೂಸು ಹಡದ್ಲು."

ಆ ಕೂಸು ನನ್ನ ಅವ್ವ. ಅವ್ವನೂ ನಗುವಾಗ ಸೆರಗಿನಿಂದ ಬಾಯಿ ಮುಚ್ಚಿಕೊಳ್ಳುತ್ತಿದ್ದಳು.

"ಆಕಿ ಹೆಸರೇನ್ರಿ ಅಮ್ಮಾ?"

"ಸವಣೂರಾಕಿ."

"ಅದಲ್ರಿ. ಆಕಿ ಹೆಸರು."

ಮುದುಕಿ ಹಣೆ ತಿಕ್ಕಿಕೊಂಡಳು. "ಹಂಗ ಕರೀತಿದ್ರವಾ ಎಲ್ಲಾರೂ. ಕೊಟ್ಟ ಊರ ಹೆಸರ್ಲೆ ಕರಿಯೂದು ನಮ್ಮ ವಾಡಿಕಿ. ಸವಣೂರಾಕಿ ಬಂದ್ಲು, ಸವಣೂರಾಕಿ ಹಡದ್ಲು, ಸವಣೂರಾಕಿ ಹ್ವಾದ್ಲು. ಸಣ್ಣಾಕಿದ್ದಾಗ ಬ್ಯಾರೆ ಹೆಸರ ಇದ್ದಿರಬೇಕು. ಅದನ್ನ ಬಲ್ಲವರು ಯಾರದಾರ ಈಗ?"

ಬಸ್ಸಿನಲ್ಲಿ ತಿರುಗಿ ಬರುವಾಗ ದಾರಿಯ ಎರಡೂ ಕಡೆ ಗೋವಿನಜೋಳದ ಹೊಲ. ಕೊಟ್ಟ ಮನೆಯಲ್ಲಿ ತವರೂರಿನ ಹೆಸರು, ತವರಿನಲ್ಲಿ ಕೊಟ್ಟ ಊರಿನ ಹೆಸರು. ಈ ಸಣ್ಣ ದಾರಿಯ ಎರಡು ತುದಿಗೂ ಆಕೆ ಇನ್ನೊಂದು ತುದಿಯವಳು. ನನ್ನನ್ನೂ ಹಾನಗಲ್ಲಿನಲ್ಲಿ ಎಷ್ಟೋ ಜನ ಕೊಟ್ಟ ಊರ ಹೆಸರಿನಿಂದಲೇ ಕರೆಯುತ್ತಾರೆ. ಅದರಲ್ಲಿ ಪ್ರೀತಿಯೂ ಇರುತ್ತದೆ ಅಂತ ತಿಳಿದಿದ್ದೆ.

ಮೊನ್ನೆ ಅಮಾವಾಸ್ಯೆಗೆ ಹಾನಗಲ್ಲಿನ ಮನೆಯಲ್ಲಿ ಮೂರು ಎಲೆ ಹಾಕಿದೆ. ಹೋಳಿಗೆಗೆ ಬೇಳೆ ಕುದಿಯುವಾಗಿನ ವಾಸನೆ ಅದೇ. ಹಿತ್ತಲಿನ ನೆರಳಿಲ್ಲ, ಅಡಕೊತ್ತಿನ ಸಪ್ಪಳವಿಲ್ಲ, ಬೈಯುತ್ತ ಬಾಯಿಗೆ ಎಲೆ ಇಡುವವಳಿಲ್ಲ. ಮೊದಲ ಎಲೆಗೆ ನೀರು ಬಿಟ್ಟು ಅವ್ವನ ಹೆಸರು ಕರೆದೆ. ಎರಡನೆಯದಕ್ಕೆ ಆಯಿಯ ಹೆಸರು. ಮೂರನೆಯ ಎಲೆಯ ಮುಂದೆ ಕೈಯಲ್ಲಿ ನೀರು ಹಿಡಿದು ಕುಳಿತಾಗ ಮುತ್ಯಾನ ಕೆಮ್ಮು ನೆನಪಾಯಿತು. ಅವನಿಗೆ ಹೆಸರು ಗೊತ್ತಿತ್ತು, ಹೇಳಲಿಲ್ಲ. ನಾನು ಹೇಳಬಲ್ಲೆ, ಗೊತ್ತಿಲ್ಲ.

"ಅವ್ವನ ಅವ್ವಾ," ಅಂದು ನೀರು ಬಿಟ್ಟೆ.

ಎದ್ದ ಮೇಲೆ ತಿಳಿಯಿತು. ಎರಡೂರಿನವರು ಆಕೆಯನ್ನು ಊರ ಹೆಸರಿನಿಂದ ಕರೆದರು, ನಾನು ಮಗಳ ಸಂಬಂಧ ಹಿಡಿದು ಕರೆದೆ. ಅದೂ ಆಕೆಯ ಹೆಸರಲ್ಲ. ಎಲೆಯ ಮೇಲಿನ ಹೋಳಿಗೆ ಸಂಜೆಯ ತನಕ ಹಾಗೆಯೇ ಇತ್ತು. ಆಮೇಲೆ ಅದನ್ನು ತೆಗೆದುಕೊಂಡು ಹೋಗಿ ಆಕಳಿಗೆ ಹಾಕಿದೆ.