ವ್ಯಾನಿಗೆ ಕಿವಿಗೊಟ್ಟ ರಾಘು ಕಾಕಾ

ರಾಘು ಕಾಕಾ ಎಡಗೈ ಎತ್ತಿದರೆಂದರೆ ವ್ಯಾನಿನಲ್ಲಿದ್ದವರೆಲ್ಲ ಬಾಯಿ ಮುಚ್ಚಬೇಕು. ‘ಗಪ್ಪ ಕೂಡ್ರಿ, ಇಂಜಿನ್ ಏನೋ ಅನ್ನಲಿಕತ್ತದ’ ಎನ್ನುತ್ತಿದ್ದರು. ಮಾತು, ಹಾಡು, ಚೂಡಾ ತಿನ್ನುವ ಕುರುಕುರು, ಎಲ್ಲ ಬಂದ್. ಅವರು ನನ್ನ ಅಪ್ಪನ ತಮ್ಮ, ಪುಣೆಯ ಒಂದು ಆಫೀಸಿನಲ್ಲಿ ಹೆಡ್ ಕ್ಲಾರ್ಕ್. ತೊಂಬತ್ತರ ದಶಕದಲ್ಲಿ ಹಳೆಯ ವ್ಯಾನೊಂದನ್ನು ಕೊಂಡ ಮೇಲೆ ಅವರಿಗೆ ಬೇರೆ ಹುಚ್ಚೇ ಉಳಿಯಲಿಲ್ಲ.

ಹೊಗೆ ಕಪ್ಪಗಿದ್ದರೆ ಕಾರ್ಬ್ಯುರೇಟರ್, ನೀಲಿಯಾಗಿದ್ದರೆ ಆಯಿಲ್ ಸುಡುತ್ತಿದೆ, ಬೆಳಿಗ್ಗೆ ಕೆಮ್ಮಿದರೆ ಪ್ಲಗ್. ಹೇಳಿದ್ದು ತಪ್ಪುತ್ತಿರಲಿಲ್ಲ, ಅದನ್ನು ಒಪ್ಪಲೇಬೇಕು. ಇಂಜಿನ್ ಇದ್ದದ್ದು ಮುಂದಿನ ಸೀಟಿನ ಕೆಳಗೆ, ಆ ಸೀಟಿನ ಮೇಲೆ ಅವರ ಹೆಂಡತಿ ಸುಮತಿ ಕಾಕು. ಕಾಕಾಗೆ ಸಂಶಯ ಬಂದಾಗಲೆಲ್ಲ ಕಾಕು ಪರ್ಸು ಹಿಡಿದು ರಸ್ತೆ ಬದಿಗೆ ಇಳಿದು ನಿಲ್ಲಬೇಕು. ಲೋಣಾವಳಾ ಘಾಟಿನಲ್ಲಿ ಒಮ್ಮೆ, ಇಂಜಿನ್ನಿನ ಕಾವು ಹೊರಗೆಳೆಯಬೇಕೆಂದು ಮೇ ತಿಂಗಳ ಬಿಸಿಲಲ್ಲಿ ಹೀಟರ್ ಹಚ್ಚಿದ್ದರು. ನಾವು ಬೆಂದೆವು, ನಕ್ಕೆವು ಕೂಡ.

ಆ ನಗು ನಿಂತದ್ದು ಇಂದಾಪುರದ ದಾರಿಯಲ್ಲಿ. ಕಾಕುವಿನ ತಾಯಿಗೆ ಕೊನೆಗಾಲ, ಮಗಳನ್ನೇ ಕೇಳುತ್ತಿದ್ದಾರೆ ಎಂದು ಅಲ್ಲಿಯ ತವರುಮನೆಯಿಂದ ಫೋನ್ ಬಂದಿತ್ತು. ಬೆಳಿಗ್ಗೆಯೇ ಹೊರಟೆವು, ನಾನೂ ಜೊತೆಗಿದ್ದೆ. ಪಾಟಸ್ ದಾಟುತ್ತಿದ್ದಂತೆ ಸೀಟಿನ ಕೆಳಗೆ ಕಿರ್ರೆಂದಿತು. ಕಾಕಾ ಕೈ ಎತ್ತಿದರು. ಕಾಕು ಬಿಕ್ಕುತ್ತಿದ್ದಳು.

‘ಸ್ವಲ್ಪ ಅಳೂದು ನಿಲ್ಸು, ಆವಾಜ್ ಕೇಳಸವಲ್ದು’ ಎಂದರು.

ಗಾಡಿ ನಿಂತಿತು. ‘ನಾ ಎಸ್‌ಟಿ ಬಸ್ಸು ಹಿಡದು ಹೋಗ್ತೀನ್ರಿ, ನೀವು ಹಿಂದಿಂದ ಬರ್ರಿ’ ಎಂದಳು ಕಾಕು.

‘ಮನಿ ಗಾಡಿ ಇಟ್ಕೊಂಡು ಎಸ್‌ಟಿಯಿಂದ ಇಳದ್ರ ನಿಮ್ಮ ಮಂದಿ ಏನಂತಾರ? ಹತ್ತು ನಿಮಿಷ ತಡಿ.’

ಬೆಲ್ಟು, ರೇಡಿಯೇಟರ್, ಥರ್ಮೋಸ್ಟಾಟ್, ಒಂದೊಂದನ್ನೇ ಮುಟ್ಟಿ, ಮೂಸಿ, ಕೊನೆಗೆ ವಾಟರ್ ಪಂಪ್ ಎಂದು ತೀರ್ಮಾನಿಸಿದರು. ಇಂದಾಪುರದ ಬಸ್ಸುಗಳು ಕಾಕುವಿನ ಎದುರಿಗೇ ಹಾದುಹೋದವು. ಪಾಟಸ್ಸಿನ ಮೆಕ್ಯಾನಿಕ್ ಬಂದು ಪಂಪ್ ಬದಲಿಸುವಷ್ಟರಲ್ಲಿ ಹೊತ್ತು ಇಳಿದಿತ್ತು. ನಾವು ಮುಟ್ಟಿದಾಗ ಎಲ್ಲ ಮುಗಿದು, ಕಾಕುವಿನ ಅಣ್ಣ ಸ್ಮಶಾನದಿಂದ ಮರಳಿದ್ದ. ಕಾಕು ಹೊಸ್ತಿಲಲ್ಲೇ ಕುಸಿದಳು. ಕಾಕಾ ಆ ಅಣ್ಣನಿಗೆ ಹೇಳುತ್ತಿದ್ದರು: ‘ವಾಟರ್ ಪಂಪ್ ನೋಡ್ರಿ. ಬಿಚ್ಚೂಕಿಂತ ಮೊದ್ಲ ಹೇಳಿದ್ದೆ ನಾ.’ ಆ ಮಾತಿನ ಸಿಟ್ಟು ನನಗೆ ಇಂದಿಗೂ ಆರಿಲ್ಲ.

ಕಾಕು ಮತ್ತೆ ಆ ವ್ಯಾನು ಹತ್ತಲಿಲ್ಲ. ಎಲ್ಲಿಗಾದರೂ ಬಸ್ಸು, ಇಲ್ಲವೇ ರಿಕ್ಷಾ. ಕಾಕಾ ಅದಕ್ಕೂ ಕಾರಣ ಕಂಡುಹಿಡಿದರು: ಪೆಟ್ರೋಲಿನ ವಾಸನೆ. ಅದೇ ಅವಳಿಗೆ ಆಗಿಬರುತ್ತಿಲ್ಲವಂತೆ. ಬೇರೆ ಕಾರಣವಿದ್ದೀತೇ ಎಂದು ಅವಳನ್ನು ಕೇಳಲಿಲ್ಲ.

ಕಾಕಾ ತೀರಿಕೊಂಡ ವರ್ಷ ನಾನು ಕೊನೆಯ ಸಲ ಅವರ ಮನೆಗೆ ಹೋದಾಗ, ಸೊರಗಿದ ಮೈಯಲ್ಲೂ ಪಾರ್ಕಿಂಗಿನಲ್ಲಿ ಸೀಟು ಎತ್ತಿ ಕುಳಿತಿದ್ದರು. ‘ಪೆಟ್ರೋಲ್ ಪೈಪ್ ಎಲ್ಲಾ ಹೊಸಾವು ಹಾಕೇನಿ. ಮೂಸಿ ನೋಡು, ವಾಸ್ನಿ ಅದ ಏನು? ಮ್ಯಾಲೆ ಹೋಗಿ ನಿಮ್ಮ ಕಾಕೂಗ ಬಾ ಅನ್ನು.’ ವಾಸನೆ ನಿಜಕ್ಕೂ ಇರಲಿಲ್ಲ.

ಮೇಲೆ ಕಾಕು ಮೆಂತ್ಯ ಸೊಪ್ಪು ಬಿಡಿಸುತ್ತಿದ್ದಳು. ಹೇಳಿದೆ. ತಲೆ ಎತ್ತದೆ, ‘ಈಗ ಎಲ್ಲಿಗಂತ ಹೋಗ್ಲಿಪಾ ನಾ?’ ಎಂದಳು.

ಅದನ್ನೇ ಹೇಳಬೇಕೆಂದು ಕೆಳಗಿಳಿದು ಬಂದೆ. ಇಂಜಿನ್ ಚಾಲೂ ಇತ್ತು. ನಾನು ಬಾಯಿ ತೆರೆಯುತ್ತಲೇ ಕಾಕಾ ಎಡಗೈ ಎತ್ತಿದರು.